ನಾಲ್ಕನೇ ಮಗ್ಗದ ಇಂಗ್ಲಿಷು

ಅಶ್ವತ್ಥಮ್ಮನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಆಕೆ ಬಿದ್ದ ಫಜೀತಿಗೆ ಅರ್ಧ ಕಾರಣ ಇದೇ. ಮದುವೆಯಾಗಿ ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟು ವರ್ಷವೂ ಎಂಟು ಕರೆಂಟ್ ಮಗ್ಗ ಒಟ್ಟಿಗೆ ಓಡುವ ಒಂದು ಶೆಡ್ಡಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗಳಿಗೆ ನೂಲು ಸುತ್ತಿ ಕೊಡುವುದೇ ಆಕೆಯ ಕೆಲಸ. ಅಂಥ ಸದ್ದಿನಲ್ಲಿ ಪಿಸುಗುಟ್ಟಿದರೆ ಯಾರಿಗೆ ಕೇಳೀತು? ಮನೆಗೆ ಬಂದ ನೆಂಟರಿಗೆ ಆಕೆ ಕಾಫಿ ತಗೊಳ್ಳಿ ಅಂದರೂ ಅವರು, "ಯಾಕಮ್ಮಾ, ಕೋಪಾನಾ?" ಎಂದು ಕೇಳುತ್ತಿದ್ದರು.

ಬಾಯಲ್ಲಿ ಆಗದ್ದನ್ನು ಶೆಡ್ಡಿನವರೆಲ್ಲ ಕೈಯಲ್ಲಿ ಹೇಳುತ್ತಿದ್ದರು. ಎರಡು ಬೆರಳು ಕತ್ತರಿಯಾಡಿಸಿದರೆ ಎಳೆ ಕಡಿದಿದೆ ಎಂದು. ಹೆಬ್ಬೆರಳು ಬಾಯಿಯ ಹತ್ತಿರ ಹೋದರೆ ನೀರು. ಹಣೆ ಮುಟ್ಟಿಕೊಂಡರೆ ಮಾಲೀಕರು ಬರುತ್ತಿದ್ದಾರೆ, ಹುಷಾರು. ಹೊರಗಿನವರು ಯಾರಾದರೂ ಬಂದು ನಿಂತು ನೋಡಿದರೆ, ಇಲ್ಲಿರುವವರಿಗೆಲ್ಲ ಏನೋ ಆಗಿದೆ ಎಂದುಕೊಳ್ಳಬೇಕು, ಹಾಗಿರುತ್ತಿತ್ತು.

ತೊಂಬತ್ತಮೂರನೇ ಇಸವಿಯಲ್ಲಿ ಅವರ ಬೀದಿಗೊಂದು ಅಂಗನವಾಡಿ ಬರುತ್ತದೆ ಎಂಬ ಸುದ್ದಿಯಾಯಿತು. ಮೇಲ್ವಿಚಾರಕಿ ಬಂದವಳು, ಅದೇ ಬೀದಿಯ ಹೆಂಗಸು ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಜನವರಿಯೊಳಗೆ ಸರ್ಟಿಫಿಕೇಟ್ ತೋರಿಸಬೇಕು ಎಂದು ಹೇಳಿ ಹೋದಳು. ಅಶ್ವತ್ಥಮ್ಮ ಎಲ್ಲದರಲ್ಲೂ ಪಾಸು, ಇಂಗ್ಲಿಷ್ ಒಂದನ್ನು ಬಿಟ್ಟು. ಎಪ್ಪತ್ತೊಂಬತ್ತರಲ್ಲಿ ಆ ಇಂಗ್ಲಿಷಿನಲ್ಲಿ ಇಪ್ಪತ್ತಾರು ಬಂದಿತ್ತು. ಮತ್ತೆ ಕಟ್ಟೋಣ ಅನ್ನುವಷ್ಟರಲ್ಲಿ ಮದುವೆ ಗೊತ್ತಾಯಿತು. ಗಂಡು ನೋಡಿದ್ದು ಅಪ್ಪ, ಒಪ್ಪಿದ್ದು ಸೋದರಮಾವ, ಮಗ್ಗದ ಮನೆಗೆ ಹಾಕಿದ್ದು ಅತ್ತೆ. ಗಂಡ ವೆಂಕಟರಮಣಪ್ಪ ಕೆಟ್ಟವನೇನಲ್ಲ, ಆ ಮಾತು ಬೇರೆ. ಆದರೆ ತನ್ನ ಬದುಕಿನಲ್ಲಿ ತಾನೇ ಮುಂದೆ ನಿಂತು ಮಾಡಿದ ಒಂದು ಕೆಲಸವನ್ನು ಹುಡುಕಿದರೆ ಆಕೆಗೆ ಸಿಗುತ್ತಿರಲಿಲ್ಲ. ಈ ಅಂಗನವಾಡಿ ಆಕೆಗೆ ಬೇಕಿತ್ತು, ತುಂಬಾ ಬೇಕಿತ್ತು. ಸಣ್ಣ ಮಕ್ಕಳ ನಡುವೆ ಕೂತು ಹಾಡು ಹೇಳಿಕೊಡುವ ಆಸೆ ಎಷ್ಟು ದಿನದಿಂದ ಹೊಟ್ಟೆಯೊಳಗಿತ್ತೋ, ಹೊರಗೆ ಬಂದ ಮೇಲೆ ಆಕೆಗೇ ಆಶ್ಚರ್ಯವಾಯಿತು.

ಅಕ್ಟೋಬರ್ ಪರೀಕ್ಷೆಗೆ ಫೀಸು ಕಟ್ಟಿದಳು. ಹೇಳಿಕೊಡುವವರು ಯಾರು? ಶೆಡ್ಡಿನಲ್ಲಿ ಎಲ್ಲರೂ ನಾಲ್ಕನೇ ಮಗ್ಗದ ಕಡೆ ಕೈ ತೋರಿಸಿದರು.

ನಾಲ್ಕನೇ ಮಗ್ಗ ಕೊಂಡಪ್ಪನದು. ಐವತ್ತರ ಹತ್ತಿರದ, ಬಡಕಲು ಮೈಯ, ಮುಂಗೋಪದ ಮನುಷ್ಯ. ಪಿಯುಸಿವರೆಗೆ ಓದಿದವನು. ಇಂಗ್ಲಿಷ್ ವ್ಯಾಕರಣದ ಒಂದು ಹಳೇ ಪುಸ್ತಕ ಆತನಿಗೆ ಮೊದಲ ಪುಟದಿಂದ ಕೊನೇ ಪುಟದವರೆಗೆ ಬಾಯಿಪಾಠ. ಮೇಷ್ಟ್ರಾಗಬೇಕೆಂದು ಒಮ್ಮೆ ಯಾವುದೋ ಶಾಲೆಯ ಸಂದರ್ಶನಕ್ಕೂ ಹೋಗಿದ್ದ. ಅಷ್ಟರಲ್ಲಿ ಹತ್ತು ವರ್ಷದ ಮಗ್ಗದ ಸದ್ದು ಕಿವಿಯನ್ನು ತಿಂದಿತ್ತು. ಮೇಜಿನಾಚೆ ಕೂತವರು ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದೂ ಕೇಳಿಸಲಿಲ್ಲ. ಎಲ್ಲದಕ್ಕೂ ಯೆಸ್ ಸಾರ್ ಎಂದು ಬಂದುಬಿಟ್ಟ. ಆಮೇಲೆ ಆ ಮಾತೆತ್ತಲಿಲ್ಲ. ಕರೆಂಟ್ ಇರುವಷ್ಟು ಹೊತ್ತೂ, ಎಳೆ ಕಡಿದಾಗ ಬಿಟ್ಟರೆ, ತನ್ನ ಮಗ್ಗ ನಿಲ್ಲಿಸುತ್ತಿರಲಿಲ್ಲ, ಯಾರು ಕರೆದರೂ ತಿರುಗುತ್ತಿರಲಿಲ್ಲ, ಕರೆದದ್ದು ಕೇಳಿಸುತ್ತಲೂ ಇರಲಿಲ್ಲ.

"ಕೊಂಡಣ್ಣಾ, ಇಂಗ್ಲಿಷ್ ಹೇಳ್ಕೊಡ್ತೀಯಾ?" ಎಂದು ಅಶ್ವತ್ಥಮ್ಮ ಆತನ ಕಿವಿಯ ಹತ್ತಿರ ಕೂಗಿದಳು. ಆತ ತುಟಿ ನೋಡಿಕೊಂಡು, "ಕರೆಂಟ್ ಹೋದಾಗ ಬಾರಮ್ಮ" ಎಂದ.

ಕರೆಂಟ್ ಹೋಗುವುದಕ್ಕೇನು ಬರವೇ? ದಿನಕ್ಕೆರಡು ಸಲವಾದರೂ ಹೋಗುತ್ತಿತ್ತು. ಎಂಟೂ ಮಗ್ಗ ಗಕ್ಕನೆ ನಿಂತು ಎಲ್ಲರೂ ಬೀಡಿಗೋ ಟೀಗೋ ಎದ್ದು ಹೋದರೆ, ಇವರಿಬ್ಬರ ಪಾಠ ಶುರುವಾಗುತ್ತಿತ್ತು. ಪತ್ರ ಬರೆಯುವುದು, ಪದ್ಯದ ಸಾರಾಂಶ ಇವೆಲ್ಲ ಹೇಗೋ ಆದವು. ಆಕ್ಟಿವ್ ವಾಯ್ಸು, ಪ್ಯಾಸಿವ್ ವಾಯ್ಸು ಮಾತ್ರ ತಲೆಗೆ ಹತ್ತಲಿಲ್ಲ. ಹೇಗೆ ಹತ್ತೀತು? ನಾವು ಬಾಯಿಬಿಟ್ಟು ಮಾತಾಡುವಾಗ ರಾಮನಿಂದ ಹಣ್ಣು ತಿನ್ನಲ್ಪಡುತ್ತದೆ ಎಂದು ಯಾರಾದರೂ ಅಂದದ್ದುಂಟೆ? ಸರ್ಕಾರದ ಕಾಗದಗಳಲ್ಲಿ ಮಾತ್ರ ಹಾಗಿರುತ್ತದೆ. ವಿದ್ಯುತ್ ನಿಲುಗಡೆ ಮಾಡಲಾಗುವುದು, ಅರ್ಜಿ ತಿರಸ್ಕರಿಸಲಾಗಿದೆ. ಮಾಡಿದವನು ಯಾರು ಎಂದು ಕೇಳಿದರೆ ಆ ಕಾಗದದಲ್ಲಿ ಒಬ್ಬನೂ ಸಿಗುವುದಿಲ್ಲ.

ಎರಡು ವಾರ ಬಾಯಲ್ಲಿ ಹೇಳಿ ಸೋತ ಕೊಂಡಪ್ಪ ಒಂದು ದಿನ ಸಿಟ್ಟಿನಲ್ಲಿ ಪುಸ್ತಕ ಮುಚ್ಚಿ, ಕೈ ಎತ್ತಿದ. ಬಲಗೈ ಹೆಬ್ಬೆರಳು ನೆಟ್ಟಗೆ ನಿಂತಿತು. ಇವನು ನೇಯುವವನು. ಎಡಗೈ ಅಂಗೈ ಚಪ್ಪಟೆಯಾಗಿ ಚಾಚಿತು. ಇದು ಸೀರೆ. ಹೆಬ್ಬೆರಳು ಮುಂದೆ, ಅಂಗೈ ಹಿಂದೆ ಇದ್ದರೆ ಆಕ್ಟಿವ್. ಅಂಗೈ ಮುಂದೆ ಬಂದು ಹೆಬ್ಬೆರಳು ಅದರ ಬೆನ್ನ ಹಿಂದೆ ಹೋದರೆ ಪ್ಯಾಸಿವ್, ಹಾಗೆ ಹಿಂದೆ ಹೋಗಿ ನಿಲ್ಲುವುದೇ ಬೈ, ಅಂದರೆ ಅವನಿಂದ. ಒಂದು ಸೀರೆಯಾದರೆ ಒಂದು ಬೆರಳು, ಈಸ್. ಹಲವು ಸೀರೆಯಾದರೆ ಎರಡು ಬೆರಳು, ಆರ್. ದಿನಾ ನೇಯುವುದಾದರೆ ಅಂಗೈ ಸುಮ್ಮನಿರಲಿ. ಈಗ ಮಗ್ಗದ ಮೇಲೆ ಓಡುತ್ತಿದ್ದರೆ ಅಂಗೈ ಲಾಳಿಯ ಹಾಗೆ ಅತ್ತ ಇತ್ತ ಹೋಗಲಿ, ಅದು ಬೀಯಿಂಗ್. ನೇಯ್ದು ಮುಗಿದು ಕತ್ತರಿಸಿ ಇಳಿಸಿಯಾಗಿದ್ದರೆ ಅಂಗೈ ಮಡಚಿ ಮುಷ್ಟಿಯಾಗಲಿ, ಅದು ಹ್ಯಾಸ್ ಬೀನ್.

ಅಶ್ವತ್ಥಮ್ಮ ಬಿಟ್ಟ ಬಾಯಿ ಬಿಟ್ಟ ಹಾಗೆ ನೋಡಿದಳು. ಹದಿನಾಲ್ಕು ವರ್ಷದಿಂದ ಗೊತ್ತಿದ್ದ ಭಾಷೆ! ಅಂದಿನಿಂದ ಪಾಠಕ್ಕೆ ಕರೆಂಟ್ ಹೋಗುವುದನ್ನು ಕಾಯಬೇಕಾಗಿರಲಿಲ್ಲ. ಮಗ್ಗ ಓಡುತ್ತಿದ್ದಾಗಲೇ ಕೊಂಡಪ್ಪ ನಾಲ್ಕನೇ ಮಗ್ಗದಿಂದ ಕೈಯಲ್ಲೇ ಒಂದು ವಾಕ್ಯ ಬಿಡುತ್ತಿದ್ದ, ಆಕೆ ಗೋಡೆಯ ಹತ್ತಿರದಿಂದ ಎರಡು ಕೈಯಲ್ಲಿ ಉತ್ತರ ಕೊಡುತ್ತಿದ್ದಳು. ತಪ್ಪಾದರೆ ಆತ ಹಣೆ ಚಚ್ಚಿಕೊಳ್ಳುತ್ತಿದ್ದ. ಸರಿಯಾದರೆ ಏನೂ ಇಲ್ಲ, ತಿರುಗಿ ತನ್ನ ಮಗ್ಗ ನೋಡುತ್ತಿದ್ದ.

ಪರೀಕ್ಷೆ ಪಟ್ಟಣದ ಒಂದು ಹೈಸ್ಕೂಲಿನಲ್ಲಿ. ಆಕೆ ಕೂತ ಕೊಠಡಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ, ಅದೇ ಆಕೆಗೆ ಮೊದಲ ಹೆದರಿಕೆ. ಪತ್ರ ಬರೆದಳು. ಪದ್ಯಕ್ಕೆ ತೋಚಿದ್ದು ಬರೆದಳು. ವಾಯ್ಸ್ ಬದಲಿಸುವ ಐದು ವಾಕ್ಯ ಬಂದವು. ಮೊದಲನೆಯದು ತೋಟದವನು ಗಿಡಗಳಿಗೆ ನೀರು ಹಾಕುವುದು. ಬಲಗೈಯ ಪೆನ್ನು ಕೆಳಗಿಟ್ಟು ಹೆಬ್ಬೆರಳು ಎತ್ತಿದಳು, ಎಡಗೈ ಅಂಗೈ ಚಾಚಿದಳು, ಅದಲುಬದಲು ಮಾಡಿದಳು. ಗಿಡಗಳು ಹಲವು. ಎರಡು ಬೆರಳು ಮೇಲೆತ್ತಿದಳು. ದ ಪ್ಲಾಂಟ್ಸ್ ಆರ್ ವಾಟರ್ಡ್ ಬೈ ದ ಗಾರ್ಡನರ್. ಬರೆದಳು. ಎರಡನೆಯದಕ್ಕೆ ಮತ್ತೆ ಕೈ ಎತ್ತಿ, ಒಂದು ಬೆರಳು.

"ಏನಮ್ಮಾ ಅದು?"

ಬಾಗಿಲಲ್ಲಿ ನಕಲು ಹಿಡಿಯುವ ಸ್ಕ್ವಾಡಿನ ಅಧಿಕಾರಿ ನಿಂತಿದ್ದ. ಅದೇ ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಉತ್ತರ ಕೊಟ್ಟು ಸರಿಯಾದ್ದನ್ನು ಆರಿಸಿ ಎನ್ನುವ ಪ್ರಶ್ನೆಗಳೂ ಇದ್ದವು. ಹೆಂಗಸೊಬ್ಬಳು ಮೊದಲು ಎರಡು ಬೆರಳು, ಆಮೇಲೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದರೆ ಆತ ಇನ್ನೇನು ತಿಳಿದುಕೊಳ್ಳಬೇಕು? ಬಂದು ಆಕೆಯ ಪೇಪರ್ ಕಿತ್ತುಕೊಂಡ. "ಯಾರಿಗೆ ಸಿಗ್ನಲ್ ಕೊಡ್ತಾ ಇದ್ದೀಯಾ?"

"ಯಾರಿಗೂ ಇಲ್ಲ ಸಾರ್! ನಾನು ನಂಗೇ ಹೇಳ್ಕೊಂತಿದ್ದೆ!"

ಅದು ಎಂಟು ಮಗ್ಗದ ಸದ್ದಿನ ಜೊತೆ ಗುದ್ದಾಡಿ ಬೆಳೆದ ದನಿ. ಕೊಠಡಿಯ ಗಾಜು ಅದುರಿತು, ಪಕ್ಕದ ಕೊಠಡಿಯಿಂದ ಒಬ್ಬರು ಇಣುಕಿದರು. ಅಧಿಕಾರಿ ಕೆಂಪಾದ. "ನನ್ ಮೇಲೇ ಕೂಗಾಡ್ತೀಯಾ?" ಎಂದು ನೋಟ್ ಬುಕ್ ತೆಗೆದು ಆಕೆಯ ನಂಬರ್ ಬರೆದುಕೊಂಡ. ಅಶ್ವತ್ಥಮ್ಮ ಕೂಗಾಡುತ್ತಿಲ್ಲ ಎಂದು ವಿವರಿಸಲು ಬಾಯಿ ತೆಗೆದಳು, ಅದೂ ಕೂಗಾಟವೇ ಆಯಿತು.

ಆಕೆಯ ಪುಣ್ಯಕ್ಕೆ ಕೊಠಡಿಯ ಮೇಡಂ ಅದೇ ಊರಿನವರು. "ಸಾರ್, ಮಗ್ಗದ ಮನೆಯೋರು ಮಾತಾಡೋದೇ ಹಿಂಗೆ. ಕೋಪ ಅಲ್ಲ" ಎಂದರು. ಅಧಿಕಾರಿಗೆ ಅರ್ಧ ನಂಬಿಕೆ, ಅರ್ಧ ಇಲ್ಲ. ಪಕ್ಕದ ಸಾಲಿನಲ್ಲಿದ್ದ ಗಿರಿಜಾ ಮೀಸೆಯ ಗಂಡಸಿನ ಪೇಪರ್ ತೆಗೆದು ನೋಡಿದ, ಅವನೇನಾದರೂ ಉತ್ತರ ಕದ್ದಿದ್ದಾನೋ ಎಂದು. ಅದರಲ್ಲಿ ಅವನ ನಂಬರು ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ಕೊನೆಗೆ ಪೇಪರ್ ವಾಪಸ್ ಕೊಟ್ಟ, ಇಪ್ಪತ್ತು ನಿಮಿಷ ಹೋದ ಮೇಲೆ. "ಎಡಗೈ ಮೇಜಿನ ಮೇಲೆ ಮಲಗಿಸಿಡು. ಒಂದು ಬೆರಳು ಎದ್ದರೂ ಆಚೆ ಕಳಿಸ್ತೀನಿ. ರಿಪೋರ್ಟ್ ಬರೆಯೋದು ಬಿಡೋದು ಆಮೇಲೆ ನೋಡ್ತೀನಿ."

ಎಡಗೈ ಮೇಜಿನ ಮೇಲೆ ಬಿತ್ತು. ಅದನ್ನು ಮೇಜಿಗೆ ಒತ್ತಿ ಹಿಡಿದಳು. ಇನ್ನೂ ನಾಲ್ಕು ವಾಕ್ಯ. ಓದಿದಳು, ಏನೂ ಹೊಳೆಯಲಿಲ್ಲ. ಕಣ್ಣಲ್ಲಿ ನೀರು ಬಂತು. ಯಾವ ಪಾಪಕ್ಕೆ ಇಲ್ಲಿಗೆ ಬಂದೆ, ಎದ್ದು ಹೋಗಿಬಿಡಲೇ ಅನ್ನಿಸಿತು. ಎದ್ದರೆ ಯಾರೂ ತಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಪರೀಕ್ಷೆ ಬಿಟ್ಟಾಗಲೂ ಯಾರೂ ಬೈದಿರಲಿಲ್ಲ. ಆ ನೆನಪಿಗೇ ಆಕೆಗೆ ರೋಷ ಬಂತು.

ಕಣ್ಣು ಮುಚ್ಚಿದಳು. ನಾಲ್ಕನೇ ಮಗ್ಗ ಕಂಡಿತು. ಅದರಾಚೆ ಎಣ್ಣೆ ಮೆತ್ತಿದ, ಉಗುರು ಒಡೆದ ಎರಡು ಕೈ ಕಂಡವು. ಅವಳು ಪತ್ರ ಬರೆಯುತ್ತಿದ್ದಾಳೆ ಎಂಬ ವಾಕ್ಯವನ್ನು ಆ ಕೈಗಳಿಗೆ ಒಪ್ಪಿಸಿದಳು. ಅಂಗೈ ಮುಂದೆ ಬಂತು, ಲಾಳಿಯಂತೆ ಓಡಿತು, ಹೆಬ್ಬೆರಳು ಹಿಂದೆ ಹೋಗಿ ನಿಂತಿತು. ಎ ಲೆಟರ್ ಈಸ್ ಬೀಯಿಂಗ್ ರಿಟನ್ ಬೈ ಹರ್. ಅವರು ಮನೆ ಕಟ್ಟಿದ್ದಾರೆ ಎಂಬುದಕ್ಕೆ ಆ ಕೈ ಮುಷ್ಟಿ ಕಟ್ಟಿತು. ಎ ಹೌಸ್ ಹ್ಯಾಸ್ ಬೀನ್ ಬಿಲ್ಟ್ ಬೈ ದೆಮ್. ಐದೂ ಮುಗಿಸಿ ಉಳಿದ ಪುಟಕ್ಕೆ ಕೈ ಹಚ್ಚುವಷ್ಟರಲ್ಲಿ ಗಂಟೆ ಹೊಡೆಯಿತು. ಹತ್ತು ಅಂಕದ ಪ್ರಶ್ನೆ ಹಾಗೇ ಉಳಿಯಿತು.

ಮರುದಿನ ನಡೆದದ್ದನ್ನೆಲ್ಲ ಕೊಂಡಪ್ಪನಿಗೆ ಹೇಳಿದಳು. ಆತ ತುಟಿ ನೋಡುತ್ತಾ ಕೇಳಿದ. ಕೊನೆಗೆ, "ನನ್ ಕಿವಿ ನನ್ನ ಕೆಡಿಸ್ತು. ಈಗ ನನ್ ಕೈ ನಿನ್ನ ಕೆಡಿಸ್ತಲ್ಲಮ್ಮಾ" ಎಂದ. ಹಾಗಲ್ಲ ಕೊಂಡಣ್ಣಾ ಎಂದು ಆಕೆ ಎಷ್ಟು ಕೂಗಿದರೂ ಆತ ತಲೆ ಎತ್ತಲಿಲ್ಲ. ಆಮೇಲೆ ಎರಡು ತಿಂಗಳು ಆತ ಆಕೆಯ ಕಡೆ ತಿರುಗಲಿಲ್ಲ. ಎಳೆ ಕಡಿದರೂ ಕೈಸನ್ನೆ ಮಾಡುತ್ತಿರಲಿಲ್ಲ, ತಾನೇ ಎದ್ದು ಬಂದು ನೂಲು ತೆಗೆದುಕೊಂಡು ಹೋಗುತ್ತಿದ್ದ. ರಿಪೋರ್ಟ್ ಹೋಗಿದ್ದರೆ ಫಲಿತಾಂಶ ತಡೆಹಿಡಿಯುತ್ತಾರೆ ಎಂದು ಯಾರೋ ಹೇಳಿದ್ದರು. ಆ ಎರಡು ತಿಂಗಳು ಅಶ್ವತ್ಥಮ್ಮನಿಗೆ ಅನ್ನ ಸೇರಲಿಲ್ಲ, ಆದರೆ ಆಕೆಯನ್ನು ಹೆಚ್ಚು ಸುಟ್ಟದ್ದು ಆ ನಾಲ್ಕನೇ ಮಗ್ಗದ ಮೌನ.

ಡಿಸೆಂಬರಿನಲ್ಲಿ ಹೈಸ್ಕೂಲಿನ ಬೋರ್ಡಿಗೆ ಪಟ್ಟಿ ಅಂಟಿಸಿದರು. ಆಕೆ ಮೂರು ಸಲ ನೋಡಿದಳು, ಸಾಲದೆ ಗುಮಾಸ್ತರ ಕೈಯಲ್ಲಿ ಓದಿಸಿದಳು. ಮೂವತ್ತೇಳು. ಪಾಸಿಗೆ ಬೇಕಾದ್ದು ಮೂವತ್ತೈದು. ಮನೆಗೂ ಹೋಗದೆ ಸೀದಾ ಶೆಡ್ಡಿಗೆ ನಡೆದಳು.

ಕರೆಂಟ್ ಇತ್ತು. ಎಂಟೂ ಮಗ್ಗ ಓಡುತ್ತಿದ್ದವು. ಕೊಂಡಪ್ಪ ಬಗ್ಗಿಕೊಂಡು ಎಳೆ ನೋಡುತ್ತಿದ್ದ. ಆಕೆ ಮಗ್ಗದ ಆಚೆ ಬದಿಗೆ ಹೋಗಿ, ಆತ ತಲೆ ಎತ್ತಲೇಬೇಕಾದ ಜಾಗದಲ್ಲಿ ನಿಂತಳು. ಎಡಗೈ ಅಂಗೈ ಚಾಚಿ, ಮೆಲ್ಲಗೆ ಮಡಚಿ, ಮುಷ್ಟಿ ಕಟ್ಟಿದಳು. ನೇಯ್ದಾಯಿತು, ಕತ್ತರಿಸಿ ಇಳಿಸಿಯಾಯಿತು.

ಕೊಂಡಪ್ಪ ಆ ಮುಷ್ಟಿಯನ್ನೇ ನೋಡಿದ. ಆಮೇಲೆ ಕೈ ಚಾಚಿ ಮಗ್ಗ ನಿಲ್ಲಿಸಿದ. ಕರೆಂಟ್ ಇದ್ದಾಗ, ಎಳೆಯೂ ಕಡಿಯದೆ, ನಾಲ್ಕನೇ ಮಗ್ಗ ನಿಂತದ್ದನ್ನು ಆ ಶೆಡ್ಡಿನವರು ಅದೇ ಮೊದಲು ಕಂಡದ್ದು. ಒಬ್ಬೊಬ್ಬರೇ ಇತ್ತ ತಿರುಗಿದರು.

ಅಶ್ವತ್ಥಮ್ಮ ಬಲಗೈ ಹೆಬ್ಬೆರಳನ್ನು ಮುಷ್ಟಿಯ ಹಿಂದೆ ತಂದು ನಿಲ್ಲಿಸಿ, ಅದನ್ನು ಆತನ ಕಡೆಗೆ ತೋರಿಸಿದಳು. ನಿನ್ನಿಂದ.

ಕೊಂಡಪ್ಪ ಹಣೆ ಚಚ್ಚಿಕೊಂಡ. ತಪ್ಪಾದಾಗ ಚಚ್ಚಿಕೊಳ್ಳುತ್ತಿದ್ದನಲ್ಲ, ಹಾಗೆಯೇ. ಮಗ್ಗ ಸುತ್ತಿಕೊಂಡು ಬಂದು, ಎಣ್ಣೆಗೈಯಲ್ಲಿ ಆಕೆಯ ಮಣಿಕಟ್ಟು ಹಿಡಿದು, ಆ ಹೆಬ್ಬೆರಳನ್ನು ತಿರುಗಿಸಿ ಆಕೆಯ ಎದೆಯ ಕಡೆಗೇ ನಿಲ್ಲಿಸಿದ. ಆಮೇಲೆ ಅದನ್ನು ಮುಷ್ಟಿಯ ಹಿಂದಿನಿಂದ ಎಳೆದು ಮುಂದಕ್ಕೆ ತಂದ. ಆಕ್ಟಿವ್. ನೀನೇ.

ಅಶ್ವತ್ಥಮ್ಮ ಅತ್ತಳು, ತನ್ನ ಆ ದೊಡ್ಡ ದನಿಯಲ್ಲೇ ಅತ್ತಳು. ಏಳು ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಕೊಂಡಪ್ಪನಿಗಂತೂ ಕೇಳುವ ಹಾಗೇ ಇರಲಿಲ್ಲ. ಆತ ಆಕೆಯ ಕೈ ಬಿಡದೆ ನಿಂತು ನೋಡುತ್ತಿದ್ದ.