ಕಾಶಿ ಚಿಟ್ಟೆಗಳ ತೋಟಕ್ಕೆ ಹೋದದ್ದು

ಮೀನು ಮಾರುವ ಅವರ್ಸಾದ ಕಾಶಿಯನ್ನು ಕಾರವಾರದ ಓಣಿಗಳೆಲ್ಲ ಬಲ್ಲವು. ಬೆಳಿಗ್ಗೆ ದೋಣಿ ದಡಕ್ಕೆ ತಾಗಿದ್ದೇ ತಡ, ಬಂಗಡೆಯನ್ನೋ ತಾರ್ಲೆಯನ್ನೋ ಬುಟ್ಟಿಗೆ ತುಂಬಿಕೊಂಡು ಟೆಂಪೊ ಹತ್ತುವಳು. ಬುಟ್ಟಿ ಬರಿದಾಗುವ ತನಕ ಮನೆ ಮನೆ ಸುತ್ತುವಳು. ಗಂಡ ಸಮುದ್ರದ ಪಾಲಾದಾಗ ಮಗಳು ವಿಜೇತಾ ಇನ್ನೂ ತೊಟ್ಟಿಲಲ್ಲಿದ್ದಳು. ಆಮೇಲಿನ ಸಂಸಾರವೆಲ್ಲ ನಡೆದದ್ದು ಕಾಶಿಯ ತಲೆಯ ಮೇಲಿನ ಹೊರೆಯಿಂದಲೇ. ವಿಜೇತಾ ಓದಿದಳು, ಕಾರವಾರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದಳು, ಮದುವೆಯಾಗಿ ಅಲ್ಲೇ ಮನೆ ಮಾಡಿದಳು.

ಮಾರುವಾಗ ಕಾಶಿಯ ಬಾಯಿ ಎಷ್ಟು ಜೋರೋ, ಬುಟ್ಟಿ ಇಳಿಸಿದ ಮೇಲೆ ಅವಳು ಅಷ್ಟೇ ಹಿಂಜರಿಯುವವಳು. ಕಾರಣ, ಮೀನಿನ ವಾಸನೆ. ಮದುವೆಮನೆಗೆ ಹೊರಟರೆ ಕೈಗೆ ಹುಣಸೆಹಣ್ಣು ತಿಕ್ಕಿ ತಿಕ್ಕಿ ತೊಳೆದರೂ ಬಾಗಿಲ ಬಳಿಯೇ ಕೂರುವಳು. ಟೆಂಪೊದಲ್ಲಿ ಪಕ್ಕದವರು ಸರಿಯುವ ಮೊದಲು ತಾನೇ ಸರಿದುಬಿಡುವಳು. ಮಗಳ ಮನೆಗೆ ಹೋದರೂ ಹಿಂದಿನ ಜಗಲಿಯಲ್ಲಿ ನೀರು ಕುಡಿದು, ಆರಿಸಿಟ್ಟ ಮೀನು ಕೊಟ್ಟು ಎದ್ದುಬಿಡುವಳು.

2006ರ ದೀಪಾವಳಿ ಕಳೆದಿತ್ತು. ಕಾರವಾರದ ಉದ್ಯಾನದ ಒಂದು ಮೂಲೆಯಲ್ಲಿ ಹೊಸದಾಗಿ ಚಿಟ್ಟೆಗಳ ತೋಟ ಮಾಡಿದ್ದರು. ಕೇಪಳ, ದಾಸವಾಳ, ಲಿಂಬೆ, ಕರಿಬೇವಿನ ಗಿಡಗಳನ್ನು ಒತ್ತೊತ್ತಾಗಿ ನೆಟ್ಟು, ನಡುವೆ ಕಾಲುದಾರಿ ಬಿಟ್ಟಿದ್ದರು. ಟಿಕೆಟ್ ಇರಲಿಲ್ಲ. ಯಾರು ಬೇಕಾದರೂ ಹೋಗಬಹುದಿತ್ತು.

"ಅವ್ವಿ, ಐತವಾರ ಇಬ್ರೂ ನೋಡೂಕೆ ಹೋಗ್ವಾ" ಎಂದು ವಿಜೇತಾ ಹಿಂದಿನ ಜಗಲಿಯಲ್ಲಿ ಕೂತಿದ್ದ ತಾಯಿಯನ್ನು ಕರೆದಳು.

"ನಂಗೆಂತಕೆ ಅದೆಲ್ಲ? ನೀ ಹೋಗಿ ಬಾ."

"ಎಲ್ಲಿಗೆ ಕರೆದ್ರೂ ನಿಂದು ಇದೇ ಮಾತು" ಎಂದು ಮಗಳು ಮುಖ ಊದಿಸಿಕೊಂಡು ಒಳಗೆ ಹೋದಳು. ಕಾಶಿ ಬುಟ್ಟಿ ಎತ್ತಿಕೊಂಡು ಟೆಂಪೊ ಹಿಡಿದಳು.

ಅದಾಗಿ ಕೆಲವು ದಿನಗಳ ಮೇಲೆ, ವ್ಯಾಪಾರ ಬೇಗ ಮುಗಿದು, ಕಾಶಿ ಖಾಲಿ ಬುಟ್ಟಿ ಸೊಂಟಕ್ಕಿಟ್ಟು ಉದ್ಯಾನದ ಬೇಲಿಗುಂಟ ಬರುತ್ತಿದ್ದಳು. ಒಳಗೆ ಮಕ್ಕಳ ಗಲಾಟೆ ಕೇಳಿಸಿತು. ಇಣುಕಿದರೆ, ವಿಜೇತಾ ತನ್ನ ತರಗತಿಯನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದಳು. ಮಗಳು ಪಾಠ ಹೇಳುವುದನ್ನು ಕಾಶಿ ಅಂದಿನ ತನಕ ನೋಡಿರಲಿಲ್ಲ. ಬೇಲಿ ಹಿಡಿದು ಅಲ್ಲೇ ನಿಂತಳು.

ವಿಜೇತಾ ಅವಳನ್ನು ಕಂಡುಬಿಟ್ಟಳು. "ಅವ್ವಿ, ಒಳಗೆ ಬಾ."

"ಮೈಯೆಲ್ಲ ಮೀನಿನ ನೀರು ಮಾರಾಯ್ತಿ. ಮಕ್ಕಳಿದ್ದಾರೆ."

"ಇದ್ರೆ ಇರ್ಲಿ. ನಾ ಕರೀತಿದ್ದೆ ಅಲ್ದಾ?"

ಮಕ್ಕಳ ಎದುರು ಟೀಚರಿಗೆ ಎದುರು ಹೇಳುವುದು ಸರಿಯಲ್ಲವೆಂದು ಕಾಶಿ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಒಳಗೆ ಬಂದಳು. ಆದರೂ ಮಕ್ಕಳಿಂದ ದೂರ, ಕೇಪಳದ ಗಿಡದ ಮಗ್ಗುಲಲ್ಲಿ ಸೆರಗು ಬಿಗಿದುಕೊಂಡು ನಿಂತಳು. ಹಳದಿ ಚಿಟ್ಟೆಗಳು ಹೂವಿನಿಂದ ಹೂವಿಗೆ ಹಾರುತ್ತಿದ್ದವು. ಇಷ್ಟು ಹತ್ತಿರದಲ್ಲಿ, ಇಷ್ಟು ಪುರುಸೊತ್ತಿನಲ್ಲಿ ಅವಳು ಅವನ್ನು ನೋಡಿದ್ದೇ ಇಲ್ಲ.

ಆಗ ಕಪ್ಪು ರೆಕ್ಕೆಗೆ ನೀಲಿ ಪಟ್ಟಿಯಿದ್ದ ಚಿಟ್ಟೆಯೊಂದು ಹಾರಿ ಬಂದು, ಒದ್ದೆಯಾಗಿದ್ದ ಅವಳ ಸೀರೆಯ ಅಂಚಿನ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಾಶಿ ಉಸಿರು ಬಿಗಿಹಿಡಿದು ನಿಂತಳು.

"ಟೀಚರ್, ಈ ಅಜ್ಜಿ ಮೇಲೆ ಚಿಟ್ಟೆ ಕೂತಿದೆ" ಎಂದು ಒಬ್ಬಳು ಕೂಗಿದ್ದೇ ಮಕ್ಕಳೆಲ್ಲ ಸುತ್ತುವರಿದರು. "ನಮ್ಮ ಮೇಲೆ ಯಾಕೆ ಕೂರೂದಿಲ್ಲ?" ಎಂದು ಇನ್ನೊಬ್ಬಳು ಕೇಳಿದಳು.

ಕಾಶಿ ಮಗಳ ಮುಖ ನೋಡಿದಳು. ವಿಜೇತಾ ನಗುತ್ತಾ, "ಉಪ್ಪಿಗೆ ಬಂದಿವೆ. ಹೂವಿನಲ್ಲಿ ಸಿಹಿ ಸಿಗ್ತದೆ, ಉಪ್ಪು ಸಿಗೂದಿಲ್ಲ. ಮೀನಿನ ನೀರಿನಲ್ಲಿ ಅದು ಇರ್ತದೆ. ಇವರು ನನ್ನ ಅವ್ವಿ, ಮೀನು ಮಾರ್ತಾರೆ" ಎಂದಳು.

ಒಬ್ಬ ಹುಡುಗ ಮೂಗು ಮುರಿದ. ಉಳಿದವರು ಬಗ್ಗಿ ಸೀರೆಯ ಅಂಚನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವನೂ ಬಗ್ಗಿದ.

ಮಕ್ಕಳು ಬುತ್ತಿ ಬಿಚ್ಚಿ ಕೂತಾಗ ತಾಯಿ ಮಗಳು ಕಲ್ಲುಬೆಂಚಿನ ಮೇಲೆ ಕೂತರು.

"ಒಂದು ಕೇಳ್ತೆ ಅವ್ವಿ. ನಾ ಏಳನೇ ಇಯತ್ತೆಯಲ್ಲಿರುವಾಗ ಒಂದ್ಸಲ ಶಾಲೆಗೆ ಬಂದಿದ್ದೆ ನೀನು. ಆಮೇಲೆ ಬಹುಮಾನ ಬಂದಾಗ್ಲೂ ಬರಲಿಲ್ಲ. ನಿಂಗೆ ಮೀನು ಬಿಟ್ರೆ ನನ್ನದೆಂತದೂ ಬೇಡ ಅಂತ ತಿಳ್ಕಂಡಿದ್ದೆ."

ಕಾಶಿ ಬುತ್ತಿ ಉಣ್ಣುತ್ತಿದ್ದ ಮಕ್ಕಳ ಕಡೆ ನೋಡಿದಳು. "ಆ ದಿನ ಪೇಟೆಯಿಂದ ಸೀದಾ ಬಂದಿದ್ದೆ. ನಿನ್ನ ಹಿಂದಿನ ಹುಡುಗಿಯರು ಮೂಗು ಮುಚ್ಕಂಡ್ರು. ನೀ ತಲೆ ಬಗ್ಗಿಸಿದೆ."

ವಿಜೇತಾ ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ಹೊಳೆಯಲಿಲ್ಲ. "ಬಗ್ಗಿಸಿರಬಹುದು" ಎಂದಳು ಕಡೆಗೆ, ದನಿ ಸಣ್ಣ ಮಾಡಿ.

"ಸಣ್ಣವಳು ನೀನು, ನಾ ನಿನ್ನ ದೂರಲಿಲ್ಲ. ಇನ್ನೊಂದ್ಸಲ ಹಾಗೆ ಆಗೂದು ಬೇಡ ಅಂತ ಬರೂದು ಬಿಟ್ಟೆ, ಅಷ್ಟೇ."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ನೀನು."

"ಹೇಳಿ ಎಂತ ಮಾಡೂದಿತ್ತು?"

ವಿಜೇತಾ ತಾಯಿಯ ಕೈ ಎಳೆದು ಮಡಿಲಲ್ಲಿಟ್ಟುಕೊಂಡಳು. ಮುಂಗೈಗೆ ಮೀನಿನ ಹುರುಪೆಯೊಂದು ಅಂಟಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು, ಆದರೆ ಕೈ ಬಿಡಲಿಲ್ಲ.

ಆ ಸಂಜೆ ಶಾಲೆ ಬಿಟ್ಟ ಮೇಲೆ ಕಾಶಿ ಮಗಳ ಮನೆಯೊಳಗೆ ಕೂತು ಉಂಡಳು. ಮರುವರ್ಷ ಶಾಲೆಯ ಗ್ಯಾದರಿಂಗಿಗೂ, ಅಂದರೆ ವಾರ್ಷಿಕೋತ್ಸವಕ್ಕೂ, ಹೋದಳು. ಹೋಗುವ ಮೊದಲು ಹುಣಸೆಹಣ್ಣು ತಿಕ್ಕಿಯೇ ಹೋದಳೆನ್ನಿ, ಅಷ್ಟು ವರ್ಷದ ರೂಢಿ ಒಂದು ದಿನಕ್ಕೆ ಬಿಡುವಂಥದ್ದಲ್ಲ. ಆದರೆ ಕೂತದ್ದು ಮುಂದಿನ ಸಾಲಿನಲ್ಲಿ.

ಬುಟ್ಟಿ ಬೇಗ ಖಾಲಿಯಾದ ದಿನ ಅವಳು ಈಗಲೂ ತೋಟದೊಳಗೆ ಹೋಗಿ ಕೂರುವುದುಂಟು. ಒಮ್ಮೆ ತನ್ನ ಜೊತೆಗೆ ಮೀನು ಮಾರುವ ಬೀರಿಯನ್ನೂ ಎಳೆದುಕೊಂಡು ಹೋದಳು. ಬೀರಿ ಸುತ್ತ ನೋಡಿ, "ಇದ್ನ ನೋಡೂಕೆ ಕರ್ಕಬಂದ್ಯಾ? ನಮ್ಮ ಹಿತ್ತಲಲ್ಲಿ ಇಲ್ವಾ ಇವು?" ಎಂದಳು.

"ಇವೆ. ಹಿತ್ತಲಲ್ಲಿ ನೀ ಯಾವಾಗ ಕೂತಿದ್ದೆ?" ಎಂದು ಕಾಶಿ ಕೇಳಿದಳು.

ಬೀರಿ ಯೋಚಿಸಿದಳು. ಆಮೇಲೆ ಚಪ್ಪಲಿ ಬಿಚ್ಚಿ, ಕಾಲು ನೀಡಿ, ಬೆಂಚಿಗೆ ಒರಗಿಕೊಂಡಳು.