ತಲೆಬಾಗಿಲಿನ ಬಿಟ್ಟ ದಳ

“ಈ ಬಾಗ್ಲು ಕೆತ್ತಿದ್ದು ಯಾರ್ರಿ?” ಎಂದು ಅಧಿಕಾರಿ ಕೇಳಿದಾಗ ನಾನು ತಲೆಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದೆ. ದಾವಣಗೆರೆಯ ಆ ಹಳೇ ಮನೆಯನ್ನು ಸರ್ಕಾರ ಪಾರಂಪರಿಕ ಕಟ್ಟಡವೆಂದು ಕಾಪಾಡಲಿತ್ತು. ಅಧಿಕಾರಿ ಪಡಸಾಲೆಯ ಕಂಬ ಎಣಿಸಿ, ಮನೆಯ ಇತಿಹಾಸ ಬರೆದುಕೊಳ್ಳುತ್ತಿದ್ದರು.

“ಮೈಸೂರು ಅರಮನಿ ಕೆಲಸದೋರ್ನ ಕರೆಸಿದ್ರು ನಮ್ಮಪ್ಪ,” ಅಂದರು ಮನೆಯ ಸಾಹುಕಾರರು.

ಕೆತ್ತಿದ್ದು ಹರಿಹರದ ಬಡಗಿ, ನನ್ನ ಅಜ್ಜ. ಸಾಹುಕಾರರೇ ಅದನ್ನು ನನಗೆ ಎಷ್ಟೋ ಸಲ ಹೇಳಿದ್ದರು.

“ಅಲ್ರೀ, ನಮ್ಮಜ್ಜ ಕೆತ್ತಿದ್ದು. ದೃಷ್ಟಿ ಆಗಬಾರ್ದು ಅಂತ ಪ್ರತಿ ಬಾಗ್ಲಾಗೂ ಕಮಲದ ಒಂದು ದಳ ಕೆತ್ತದೆ ಬಿಡ್ತಿದ್ದ,” ಅಂದೆ.

ಸಾಹುಕಾರರು ನಕ್ಕರು. “ಎಲ್ಲೈತೆ, ತೋರ್ಸಪ್ಪಾ.”

ಆ ದಳವನ್ನು ಹಿಂದಿನ ದಿನ ನಾನೇ ಕೆತ್ತಿ ಮುಗಿಸಿದ್ದೆ. “ಸಾಹೇಬ್ರು ಬರ್ತಾರೆ, ಅರೆಬರೆ ಕಾಣಬಾರ್ದು” ಎಂದು ಕೆತ್ತಿಸಿದವರು ಸಾಹುಕಾರರೇ. ಆ ಮಾತು ನಂಬಿದ್ದೆ.

ಅಧಿಕಾರಿ ಮೈಸೂರು ಎಂದು ಬರೆದುಕೊಂಡರು. ನಾನು ಆ ಹೊಸ ದಳಕ್ಕೂ ಎಣ್ಣೆ ಹಚ್ಚಿದೆ.