ಹಾಲಮ್ಮನ ತಲೆನೋವು

ಮೊನ್ನೆ ಕಡೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸೊಬ್ಬರು ಹಣೆಗೆ ನೋವಿನ ಮುಲಾಮು ಹಚ್ಚಿಕೊಂಡರು. ಆ ಘಾಟು ನಿಮಗೂ ಗೊತ್ತಿರುತ್ತದೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಹಾಲಮ್ಮ ನೆನಪಾಗುತ್ತಾಳೆ.

ಆಗ ನಾನು ಅಜ್ಜಂಪುರದ ಆಚೆ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನರ್ಸ್. ನನ್ನ ಕೈಗುಣ ಒಳ್ಳೆಯದೆಂದು ಜನ ಹೇಳುತ್ತಿದ್ದರು, ನಾನೂ ನಾಚಿಕೆಯಿಲ್ಲದೆ ನಂಬಿದ್ದೆ. ಹಾಲಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು, ನಲವತ್ತರ ಆಸುಪಾಸು. ಪ್ರತಿ ವಾರ, ಹಣೆ ತುಂಬ ಅದೇ ಮುಲಾಮು ಬಳಿದುಕೊಂಡು ಬರುತ್ತಿದ್ದಳು. ಒಮ್ಮೆ ತಲೆನೋವು, ಒಮ್ಮೆ ಅಂಗಾಲು ಉರಿ, ಒಮ್ಮೆ ಬರೀ ಸುಸ್ತು. ಬಿಪಿ ಸರಿ, ಸಕ್ಕರೆ ಸರಿ, ರಕ್ತವೂ ಸರಿ. ಡಾಕ್ಟರು ಬರೆದ ಮಾತ್ರೆ ಕೊಟ್ಟು ಮುಂದಿನವರನ್ನು ಕರೆಯುತ್ತಿದ್ದೆ. ಕೆಲಸ ತಪ್ಪಿಸಿಕೊಳ್ಳಲು ಬರುತ್ತಾಳೆಂದು ಅವಳ ಬೆನ್ನ ಹಿಂದೆ ನಕ್ಕದ್ದೂ ಉಂಟು.

ಅದೇ ಸುಮಾರಿಗೆ ತರೀಕೆರೆಯಲ್ಲಿ ನಮಗೆ ಒಂದು ದಿನದ ತರಬೇತಿಯಾಯಿತು. ಖಿನ್ನತೆ ಅಳುತ್ತಲೇ ಬರಬೇಕೆಂದಿಲ್ಲ, ಮೈನೋವಾಗಿಯೂ ಬರುತ್ತದೆ, ಕೇಳಿದರೆ ಮಾತ್ರ ತಿಳಿಯುತ್ತದೆ ಎಂದರು. ಊಟದ ನಂತರದ ಪಾಠ. ನಾನು ಅರ್ಧ ತೂಕಡಿಸಿದ್ದೆ.

ಮರುವಾರ ಹಾಲಮ್ಮ ಮಾತ್ರೆಗೆ ಕೈಯೊಡ್ಡಿದಾಗ, ಅಡುಗೆ ಹೇಗೆ ನಡೆದಿದೆ ಎಂದು ಸುಮ್ಮನೆ ಕೇಳಿದೆ. ಸಾಂಬಾರಿಗೆ ಉಪ್ಪು ಹಾಕುವುದನ್ನೇ ಮರೆತೆ, ಮಕ್ಕಳು ಊಟ ಬಿಟ್ಟವು ಎಂದಳು.

"ರುಚಿ ನೋಡಿದ್ದೆ ಸಿಸ್ಟ್ರೇ. ಉಪ್ಪಿಲ್ಲ ಅಂತ ಗೊತ್ತಾಗ್ಲಿಲ್ಲ. ಈಗೀಗ ಯಾವ್ದೂ ಗೊತ್ತಾಗಲ್ಲ."

ಒಳಗೆ ಕರೆದು ಕೂರಿಸಿದೆ. ನಿದ್ದೆಯ ಬಗ್ಗೆ ಕೇಳಿದೆ, ಹಸಿವಿನ ಬಗ್ಗೆ ಕೇಳಿದೆ. ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಿ, ನಾನೇ ಆ ಯೋಚನೆ ತಲೆಗೆ ತುಂಬಿದಂತಾದರೆ? ಹಾಗಾಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಅದನ್ನೇ ನಂಬಿ ಕೇಳಿದೆ.

"ಬದುಕೋದೇ ಬ್ಯಾಡ ಅನ್ಸುತ್ತಾ ಹಾಲಮ್ಮ?"

ಅವಳು ಸೆರಗಿನ ಅಂಚು ತಿರುವಿದಳು.

"ಕೆರೆ ಏರಿ ಮೇಲೆ ಬರುವಾಗ ಕಾಲು ನಿಂತ್ಬಿಡ್ತವೆ. ಇವತ್ತೂ ನಿಂತಿದ್ವು. ಯಾರೂ ಕೇಳಿರ್ಲಿಲ್ಲ."

ಡಾಕ್ಟರನ್ನು ಕರೆದೆ. ಅವಳ ಅಕ್ಕ ಬರುವವರೆಗೆ ಒಬ್ಬಳನ್ನೇ ಬಿಡಲಿಲ್ಲ. ಅಂದೇ ದೊಡ್ಡಾಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆವು. ಮಾತ್ರೆ, ಮಾತುಕತೆ ಎಂದು ತಿಂಗಳುಗಟ್ಟಲೆ ಹಿಡಿಯಿತು. ನಡುವೆ ಒಂದು ವಾರ ಅವಳು ಬರದಿದ್ದಾಗ ನನಗೆ ಊಟ ಸೇರಲಿಲ್ಲ. ಕಡೆಗೊಂದು ದಿನ ಬಂದು, ಸಾಂಬಾರು ಖಾರವೆಂದು ಮೇಷ್ಟ್ರು ಬೈದರೆಂದು ದೂರಿದಳು. ಅವಳಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಕಂಡು ನನಗೆ ಎಷ್ಟೋ ಸಮಾಧಾನವಾಯಿತು.

ಆದರೆ ಅವಳಿಗಿಂತ ಮೊದಲು ನನ್ನ ಕೈಯಿಂದ ಮಾತ್ರೆ ಇಸಿದುಕೊಂಡು ಹೋದವರೆಷ್ಟೋ. ಅವರ ಮುಖಗಳೂ ನೆನಪಿಲ್ಲ. ಆ ಅಳುಕು ಈಗಲೂ ಹೋಗಿಲ್ಲ. ನಿನ್ನೆ ನಾನು ಈಗಿರುವ ಆಸ್ಪತ್ರೆಗೆ ಟೈಲರ್ ಸಾಬರೊಬ್ಬರು ಎದೆ ಹಿಡಿದಂತಾಗುತ್ತದೆಂದು ಮೂರನೇ ಸಲ ಬಂದರು. ಇಸಿಜಿ ಸರಿಯಿತ್ತು. ಹೊರಗೆ ಕಾದಿದ್ದವರು ಗೊಣಗುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡು, ನಿದ್ದೆ ಹೇಗೆ ಬರುತ್ತಿದೆ ಎಂದು ಕೇಳಿದೆ.

ಅವರು ನೆಲ ನೋಡಿದರು. ನಾನು ಕಾದೆ.